ನಡುವಯಸ್ಸಿನ ಸೌಂದರ್ಯ ಚಿಕಿತ್ಸೆ

ನಡುವಯಸ್ಸಿನ ಸೌಂದರ್ಯ ಚಿಕಿತ್ಸೆ ಎಂದರೆ ಸುಮಾರು 40ರಿಂದ 60 ವರ್ಷ ವಯಸ್ಸಿನವರ ಮುಖ, ಕತ್ತು, ಕೈ ಮತ್ತು ಕೂದಲಿನಲ್ಲಿ ಕಾಣಿಸಿಕೊಳ್ಳುವ ಮುಪ್ಪಿನ ಗುರುತುಗಳನ್ನು ತಗ್ಗಿಸಲು ಕೈಗೊಳ್ಳುವ ವೈದ್ಯಕೀಯ ಕ್ರಮಗಳ ಸಮೂಹ. ಲೇಪಗಳು, ರಾಸಾಯನಿಕ ಪೀಲ್, ಲೇಸರ್, ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು, ಫಿಲ್ಲರ್, ಕೂದಲು ಕಸಿ ಮತ್ತು ಮುಖ ಬಿಗಿಗೊಳಿಸುವ ಶಸ್ತ್ರಚಿಕಿತ್ಸೆ ಇವುಗಳಲ್ಲಿ ಮುಖ್ಯವಾದವು. ಇವು ರೋಗವನ್ನು ಗುಣಪಡಿಸುವ ಚಿಕಿತ್ಸೆಗಳಲ್ಲ. ಆರೋಗ್ಯವಂತ ವ್ಯಕ್ತಿ ತನ್ನ ಇಚ್ಛೆಯಿಂದ ಆಯ್ದುಕೊಳ್ಳುವಂಥವು. ಆದ್ದರಿಂದ ಲಾಭ ಮತ್ತು ಅಪಾಯಗಳನ್ನು ತೂಗಿನೋಡುವ ಹೊಣೆ ಇಲ್ಲಿ ಸಾಮಾನ್ಯ ಚಿಕಿತ್ಸೆಗಿಂತ ಹೆಚ್ಚು.

ಕರ್ನಾಟಕದ ಬಹುಪಾಲು ಜನರದು ಕಂದು ಬಣ್ಣದ ಚರ್ಮ. ಈ ಚರ್ಮದಲ್ಲಿ ಸುಕ್ಕು ತಡವಾಗಿ ಮೂಡಿದರೆ, ಬಂಗು ಮತ್ತು ಕಪ್ಪು ಕಲೆಗಳು ಮೊದಲು ಮೂಡುತ್ತವೆ. ತಪ್ಪಾಗಿ ಬಳಸಿದ ಲೇಸರ್ ಅಥವಾ ಆಮ್ಲವು ಅದೇ ಕಲೆಗಳನ್ನು ಇನ್ನಷ್ಟು ಗಾಢವಾಗಿಸಬಲ್ಲದು. ಬಿಳಿಯ ಚರ್ಮಕ್ಕೆಂದು ರೂಪಿಸಿದ ವಿಧಾನಗಳನ್ನು ಇಲ್ಲಿ ಯಥಾವತ್ತಾಗಿ ಅನುಸರಿಸಲು ಆಗದಿರುವುದಕ್ಕೆ ಇದೇ ಕಾರಣ.

## ಪರಿಭಾಷೆ ಮತ್ತು ವ್ಯಾಪ್ತಿ

ಕನ್ನಡದಲ್ಲಿ ಮುಪ್ಪಿನ ಗುರುತುಗಳಿಗೆ ಹಳೆಯ ಹೆಸರುಗಳಿವೆ. ಬಿಳಿಯಾದ ಕೂದಲಿಗೆ ನರೆ, ಚರ್ಮದ ಮಡಿಕೆಗೆ ಸುಕ್ಕು ಅಥವಾ ತೆರೆ, ಕೆನ್ನೆ ಮತ್ತು ಹಣೆಯ ಮೇಲಿನ ಕಂದು ಮಚ್ಚೆಗೆ ಬಂಗು ಎನ್ನುತ್ತಾರೆ. ಆಯುರ್ವೇದ ಗ್ರಂಥಗಳು ಸುಕ್ಕನ್ನು ವಲಿ ಎಂದೂ ನರೆಯನ್ನು ಪಲಿತ ಎಂದೂ ಕರೆಯುತ್ತವೆ.

ವೈದ್ಯಶಾಸ್ತ್ರವು ಪುನಾರಚನಾ ಶಸ್ತ್ರಚಿಕಿತ್ಸೆ ಮತ್ತು ಸೌಂದರ್ಯ ಶಸ್ತ್ರಚಿಕಿತ್ಸೆ ಎಂಬ ವ್ಯತ್ಯಾಸವನ್ನು ಮಾಡುತ್ತದೆ. ಸುಟ್ಟ ಗಾಯ, ಅಪಘಾತ, ಸೀಳುತುಟಿ ಅಥವಾ ಕ್ಯಾನ್ಸರ್‌ನಿಂದ ಕೆಟ್ಟ ಅಂಗವನ್ನು ಸರಿಪಡಿಸುವುದು ಮೊದಲನೆಯದು. ಸಹಜವಾಗಿರುವ ಅಂಗದ ರೂಪವನ್ನು ಬದಲಿಸುವುದು ಎರಡನೆಯದು. ತೆರಿಗೆ ಮತ್ತು ವಿಮೆಯ ನಿಯಮಗಳೂ ಈ ವ್ಯತ್ಯಾಸವನ್ನು ಅವಲಂಬಿಸಿವೆ.

## ಇತಿಹಾಸ

### ಪ್ರಾಚೀನ ಹಾಗೂ ಮಧ್ಯಕಾಲೀನ ಹಿನ್ನೆಲೆ

ಆಯುರ್ವೇದದ ಎಂಟು ಅಂಗಗಳಲ್ಲಿ ರಸಾಯನವೂ ಒಂದು. ಮುಪ್ಪನ್ನು ಮುಂದೂಡಿ ಬಲವನ್ನು ಕಾಯುವುದು ಅದರ ಗುರಿ. ಮುದುಕನಾಗಿದ್ದ ಚ್ಯವನ ಋಷಿ ಮರಳಿ ಯೌವನ ಪಡೆದ ಕಥೆಯಿಂದ ಚ್ಯವನಪ್ರಾಶಕ್ಕೆ ಆ ಹೆಸರು ಬಂದಿದೆ. ಸುಶ್ರುತ ಸಂಹಿತೆಯು ಕತ್ತರಿಸಿಹೋದ ಮೂಗನ್ನು ಕೆನ್ನೆಯ ಚರ್ಮದಿಂದ ಮರಳಿ ಕಟ್ಟುವ ಕ್ರಮವನ್ನು ವಿವರಿಸುತ್ತದೆ.

ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವು ಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿತ್ತು. ಆ ವಂಶದ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ಮಾನಸೋಲ್ಲಾಸ ಎಂಬ ವಿಶ್ವಕೋಶ ಸ್ವರೂಪದ ಗ್ರಂಥವನ್ನು ರಚಿಸಿದನು. ಇದಕ್ಕೆ ಅಭಿಲಷಿತಾರ್ಥ ಚಿಂತಾಮಣಿ ಎಂಬ ಹೆಸರೂ ಇದೆ. ಅದರಲ್ಲಿ ರಾಜನ ಉಪಭೋಗಗಳನ್ನು ಹೇಳುವ ಭಾಗವು ಸ್ನಾನ, ವಿಲೇಪನ, ತಾಂಬೂಲ, ವಸ್ತ್ರ, ಮಾಲೆ ಮತ್ತು ಆಭರಣಗಳನ್ನು ಕುರಿತು ಪ್ರತ್ಯೇಕವಾಗಿ ವಿವರಿಸುತ್ತದೆ. ದೇಹದ ಆರೈಕೆಯು ಅರಮನೆಯ ದಿನಚರಿಯ ಭಾಗವಾಗಿತ್ತೆಂಬುದಕ್ಕೆ ಇದು ಸಾಕ್ಷಿ. ಕೆಲವೇ ದಶಕಗಳ ನಂತರ ಅದೇ ಕಲ್ಯಾಣದಲ್ಲಿ ಬಾಳಿದ ಬಸವಣ್ಣನವರ ಒಂದು ವಚನವು ಮುಪ್ಪಿನ ಲಕ್ಷಣಗಳನ್ನು ಒಂದೊಂದಾಗಿ ಎಣಿಸಿ, ಅವು ಬರುವ ಮೊದಲೇ ಕೂಡಲಸಂಗಮದೇವನನ್ನು ಪೂಜಿಸಬೇಕೆಂದು ಹೇಳುತ್ತದೆ. ಒಂದೇ ಊರು, ಒಂದೇ ಶತಮಾನದಲ್ಲಿ ದೇಹದ ಬಗೆಗಿನ ಈ ಎರಡು ನಿಲುವುಗಳನ್ನೂ ಕಂಡಿತು.

### ಮೈಸೂರು ಯುದ್ಧ ಮತ್ತು ಭಾರತೀಯ ವಿಧಾನ

ಆಧುನಿಕ ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆಯಲ್ಲಿ ಮೂರನೆಯ ಆಂಗ್ಲೋ-ಮೈಸೂರು ಯುದ್ಧಕ್ಕೆ ಒಂದು ಸ್ಥಾನವಿದೆ. ಇಂಗ್ಲಿಷ್ ಸೇನೆಯಲ್ಲಿ ಎತ್ತಿನ ಬಂಡಿ ಹೊಡೆಯುತ್ತಿದ್ದ ಕವಾಸ್ಜಿ ಎಂಬವನು 1792ರಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಾಗ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಸುಮಾರು ಒಂದು ವರ್ಷದ ನಂತರ ಪುಣೆಯ ಬಳಿ ಇಟ್ಟಿಗೆ ಮಾಡುವ ಸಮುದಾಯದ ಒಬ್ಬನು ಅವನ ಹಣೆಯ ಚರ್ಮವನ್ನು ಕೆಳಗೆ ತಿರುಗಿಸಿ ಹೊಸ ಮೂಗನ್ನು ಕಟ್ಟಿದನು. ಈ ವರದಿ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಝಿನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಜೋಸೆಫ್ ಕಾರ್ಪ್ಯೂ ಎಂಬ ಇಂಗ್ಲಿಷ್ ಶಸ್ತ್ರವೈದ್ಯನು 1814ರಲ್ಲಿ ಇದೇ ವಿಧಾನವನ್ನು ಅನುಸರಿಸಿ, 1816ರಲ್ಲಿ ಅದರ ಬಗ್ಗೆ ಪುಸ್ತಕವನ್ನು ಪ್ರಕಟಿಸಿದನು. ಹಣೆಯ ಚರ್ಮದಿಂದ ಮೂಗು ಕಟ್ಟುವ ಕ್ರಮಕ್ಕೆ ಇಂದಿಗೂ ಭಾರತೀಯ ವಿಧಾನವೆಂಬ ಹೆಸರಿದೆ. ಇದು ಪುನಾರಚನೆಯೇ ಹೊರತು ಯೌವನಕ್ಕಾಗಿ ಮಾಡಿದ ಚಿಕಿತ್ಸೆಯಲ್ಲ. ಆದರೆ ಇಂದಿನ ಸೌಂದರ್ಯ ಶಸ್ತ್ರಚಿಕಿತ್ಸೆ ಬೆಳೆದುಬಂದುದು ಈ ಬಗೆಯ ಕೌಶಲದಿಂದಲೇ.

### ಇಪ್ಪತ್ತನೆಯ ಶತಮಾನ ಮತ್ತು ನಂತರ

1970ರ ದಶಕದವರೆಗೂ ಮುಖ ಬಿಗಿಗೊಳಿಸುವ ಶಸ್ತ್ರಚಿಕಿತ್ಸೆಯೆಂದರೆ ಮುಖ್ಯವಾಗಿ ಚರ್ಮವನ್ನಷ್ಟೇ ಎಳೆದು ಹೊಲಿಯುವುದಾಗಿತ್ತು. 1976ರಲ್ಲಿ ಫ್ರಾನ್ಸಿನ ಮಿಟ್ಜ್ ಮತ್ತು ಪೆಯ್ರೋನಿ ಅವರು ಮುಖದ ಚರ್ಮದಡಿಯ ಸ್ನಾಯುಪೊರೆಯನ್ನು ವಿವರಿಸಿದ ನಂತರ ಆ ಪೊರೆಯನ್ನೇ ಮೇಲೆತ್ತುವ ಕ್ರಮ ರೂಢಿಗೆ ಬಂದಿತು. 1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಶ್ ಅವರು ಸುತ್ತಲಿನ ಚರ್ಮವನ್ನು ಸುಡದೆ ನಿರ್ದಿಷ್ಟ ವರ್ಣಕಣಕ್ಕೆ ಮಾತ್ರ ಲೇಸರ್ ಬೆಳಕಿನ ಶಾಖವನ್ನು ತಾಗಿಸುವ ತತ್ತ್ವವನ್ನು ಮಂಡಿಸಿದರು.

ಬೊಟುಲಿನಮ್ ಟಾಕ್ಸಿನ್ ಮೊದಲು ಬಳಕೆಗೆ ಬಂದುದು ಮೆಳ್ಳೆಗಣ್ಣಿನ ಚಿಕಿತ್ಸೆಗಾಗಿ. ಕಣ್ಣಿನ ವೈದ್ಯೆ ಜೀನ್ ಕಾರ್ರುಥರ್ಸ್ ಮತ್ತು ಚರ್ಮವೈದ್ಯ ಅಲಾಸ್ಟೇರ್ ಕಾರ್ರುಥರ್ಸ್ ಎಂಬ ಕೆನಡಾದ ದಂಪತಿ, ಅದು ಹುಬ್ಬುಗಳ ನಡುವಿನ ಗೆರೆಗಳನ್ನೂ ಅಳಿಸುತ್ತದೆ ಎಂಬುದನ್ನು ಗಮನಿಸಿ 1992ರಲ್ಲಿ ಪ್ರಕಟಿಸಿದರು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2002ರಲ್ಲಿ ಈ ಉದ್ದೇಶಕ್ಕೆ ಒಪ್ಪಿಗೆ ನೀಡಿತು. ಅಂತರರಾಷ್ಟ್ರೀಯ ಸೌಂದರ್ಯ ಪ್ಲಾಸ್ಟಿಕ್ ಸರ್ಜರಿ ಸಂಘದ ವಾರ್ಷಿಕ ವರದಿಗಳ ಪ್ರಕಾರ, ಶಸ್ತ್ರಚಿಕಿತ್ಸೆಯಿಲ್ಲದ ಸೌಂದರ್ಯ ಕ್ರಮಗಳಲ್ಲಿ ಜಗತ್ತಿನಾದ್ಯಂತ ಇದಕ್ಕೇ ಮೊದಲ ಸ್ಥಾನ.

## ನಡುವಯಸ್ಸಿನಲ್ಲಿ ಆಗುವ ಬದಲಾವಣೆಗಳು

ಮುಖಕ್ಕೆ ವಯಸ್ಸಾಗುವುದು ಚರ್ಮದಲ್ಲಿ ಮಾತ್ರವಲ್ಲ. ಚರ್ಮಕ್ಕೆ ಬಿಗಿತ ಕೊಡುವ ಕೊಲಾಜನ್ ಎಂಬ ಪ್ರೋಟೀನು ಯೌವನದ ನಂತರ ವರ್ಷಕ್ಕೆ ಸುಮಾರು ಶೇ. 1ರಷ್ಟು ಕಡಿಮೆಯಾಗುತ್ತದೆ. ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಮಹಿಳೆಯರ ಚರ್ಮವು ಶೇ. 30ರಷ್ಟು ಕೊಲಾಜನ್ ಕಳೆದುಕೊಳ್ಳಬಹುದು. ಭಾರತೀಯ ಮಹಿಳೆಯರಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46ರಿಂದ 47. ಪಾಶ್ಚಾತ್ಯ ದೇಶಗಳಲ್ಲಿ ಇದು ಸುಮಾರು 51. ಆದ್ದರಿಂದ ಇಲ್ಲಿ ಈ ಬದಲಾವಣೆ ಕೆಲವು ವರ್ಷ ಮೊದಲೇ ಆರಂಭವಾಗುತ್ತದೆ. ಜೊತೆಗೆ ಕೆನ್ನೆಯ ಕೊಬ್ಬಿನ ದಿಂಬುಗಳು ತೆಳುವಾಗಿ ಕೆಳಗೆ ಜಾರುತ್ತವೆ, ಕಣ್ಣಿನ ಗೂಡು ಹಿಗ್ಗುತ್ತದೆ, ದವಡೆಯ ಮೂಳೆ ಸವೆಯುತ್ತದೆ. ಹಲ್ಲುಗಳನ್ನು ಕಳೆದುಕೊಂಡವರಲ್ಲಿ ಮುಖದ ಕೆಳಭಾಗ ಇನ್ನೂ ಬೇಗ ಕುಗ್ಗುತ್ತದೆ.

ಇವು ವಯಸ್ಸಿನ ಸಹಜ ಬದಲಾವಣೆಗಳು. ಇವುಗಳ ಮೇಲೆ ಬಿಸಿಲು, ಹೊಗೆಸೊಪ್ಪು ಮತ್ತು ಸಕ್ಕರೆ ಕಾಯಿಲೆಯ ಪರಿಣಾಮವೂ ಸೇರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಮೀರುವ ಕಲ್ಯಾಣ ಕರ್ನಾಟಕದ ಬಯಲಿನಲ್ಲಿ ತೊಗರಿ, ಉದ್ದು, ಸೋಯಾಬೀನ್ ಹೊಲಗಳಲ್ಲಿ ದುಡಿಯುವವರ ಮುಖ ಮತ್ತು ಮುಂಗೈಗಳಲ್ಲಿ ಬಿಸಿಲಿನ ಪರಿಣಾಮ ಎದ್ದು ಕಾಣುತ್ತದೆ. ಒಬ್ಬರದೇ ದೇಹದಲ್ಲಿ ಬಟ್ಟೆಯಿಂದ ಮುಚ್ಚಿದ ತೋಳಿನ ಮೇಲ್ಭಾಗವನ್ನೂ ತೆರೆದ ಮುಂಗೈಯನ್ನೂ ಹೋಲಿಸಿದರೆ, ವಯಸ್ಸಿನ ಪಾಲೆಷ್ಟು, ಬಿಸಿಲಿನ ಪಾಲೆಷ್ಟು ಎಂಬುದು ತಿಳಿಯುತ್ತದೆ.

### ಕಂದು ಚರ್ಮದ ವೈಶಿಷ್ಟ್ಯ

ಕಂದು ಚರ್ಮದಲ್ಲಿರುವ ಹೆಚ್ಚಿನ ಮೆಲನಿನ್ ಬಿಸಿಲಿನ ಹಾನಿಯನ್ನು ಭಾಗಶಃ ತಡೆಯುವುದರಿಂದ ಸಣ್ಣ ಸುಕ್ಕುಗಳು ತಡವಾಗಿ ಮೂಡುತ್ತವೆ. ಆದರೆ ಅದೇ ಮೆಲನಿನ್ ತಯಾರಿಸುವ ಜೀವಕೋಶಗಳು ಉರಿಯೂತಕ್ಕೆ ಬೇಗ ಪ್ರತಿಕ್ರಿಯಿಸುತ್ತವೆ. ಮೊಡವೆ, ಸುಟ್ಟ ಗಾಯ, ತೀಕ್ಷ್ಣವಾದ ಕ್ರೀಮು, ಲೇಸರ್ ಇವುಗಳಲ್ಲಿ ಯಾವುದೇ ಕಾರಣದಿಂದ ಚರ್ಮ ಕೆರಳಿದರೂ ಆ ಜಾಗದಲ್ಲಿ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯಬಹುದು. ದಪ್ಪನೆಯ ಗಾಯದ ಗುರುತು, ಅಂದರೆ ಕೀಲಾಯ್ಡ್, ಉಂಟಾಗುವ ಪ್ರವೃತ್ತಿಯೂ ಈ ಚರ್ಮದಲ್ಲಿ ಹೆಚ್ಚು. ಈ ಕಾರಣದಿಂದ ಚರ್ಮರೋಗ ತಜ್ಞರು ಕಡಿಮೆ ತೀವ್ರತೆಯ ಚಿಕಿತ್ಸೆಯನ್ನು ಹೆಚ್ಚು ಅಂತರದಲ್ಲಿ ಹಲವು ಬಾರಿ ಕೊಡುವುದನ್ನು ಆರಿಸುತ್ತಾರೆ.

## ವಿಧಾನಗಳು

### ಬಿಸಿಲಿನ ರಕ್ಷಣೆ ಮತ್ತು ಲೇಪಗಳು

ಮುಪ್ಪಿನ ಗುರುತುಗಳನ್ನು ತಡೆಯುವುದರಲ್ಲಿ ಅತ್ಯಂತ ಗಟ್ಟಿಯಾದ ಆಧಾರವಿರುವುದು ಬಿಸಿಲಿನ ರಕ್ಷಣೆಗೆ. ಆಸ್ಟ್ರೇಲಿಯಾದ ನಂಬೂರ್ ಪಟ್ಟಣದಲ್ಲಿ 55 ವರ್ಷಕ್ಕಿಂತ ಕಡಿಮೆ ವಯಸ್ಸಿನವರ ಮೇಲೆ ನಾಲ್ಕೂವರೆ ವರ್ಷ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ದಿನವೂ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮದಲ್ಲಿ ಮುಪ್ಪಿನ ಗುರುತು ಉಳಿದವರಿಗಿಂತ ಶೇ. 24ರಷ್ಟು ಕಡಿಮೆಯಿತ್ತೆಂದು ತೋರಿಸಿತು. ಸಾಮಾನ್ಯವಾಗಿ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನದನ್ನು ಬಳಸಲು ಸೂಚಿಸಲಾಗುತ್ತದೆ. ಹೊರಗಿರುವಾಗ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬಂಗು ಇರುವವರಲ್ಲಿ ಕಣ್ಣಿಗೆ ಕಾಣುವ ಬೆಳಕೂ ಕಲೆಯನ್ನು ಹೆಚ್ಚಿಸುವುದರಿಂದ, ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯುಕ್ತ. ಹೊಲದಲ್ಲಿ ದುಡಿಯುವವರಿಗೆ ತಲೆ ಮತ್ತು ಕೆನ್ನೆಯನ್ನು ಮುಚ್ಚುವ ಸೆರಗು, ರುಮಾಲು, ಅಗಲ ಅಂಚಿನ ಟೋಪಿಗಳೂ ಇದೇ ರಕ್ಷಣೆಯನ್ನು ಕಡಿಮೆ ಖರ್ಚಿನಲ್ಲಿ ಒದಗಿಸುತ್ತವೆ.

ಲೇಪಗಳಲ್ಲಿ ಎ ಜೀವಸತ್ವದಿಂದ ಬಂದ ಟ್ರೆಟಿನೋಯಿನ್ ಸಣ್ಣ ಸುಕ್ಕುಗಳನ್ನು ಕಡಿಮೆ ಮಾಡುತ್ತದೆ. ಪರಿಣಾಮ ಕಾಣಲು ಹಲವು ತಿಂಗಳು ಬೇಕು. ಆರಂಭದಲ್ಲಿ ಚರ್ಮ ಒಣಗಿ ಸಿಪ್ಪೆಯೇಳುತ್ತದೆ. ಇದನ್ನು ರಾತ್ರಿ ಮಾತ್ರ ಹಚ್ಚಬೇಕು, ಗರ್ಭಿಣಿಯರು ಬಳಸಬಾರದು. ಅಝೆಲಾಯಿಕ್ ಆಮ್ಲ, ನಿಯಾಸಿನಮೈಡ್ ಮತ್ತು ಸಿ ಜೀವಸತ್ವಗಳು ಕಲೆಗಳನ್ನು ತಿಳಿಯಾಗಿಸಲು ಬಳಕೆಯಲ್ಲಿವೆ. ಹೈಡ್ರೋಕ್ವಿನೋನ್ ಬಂಗಿಗೆ ಪರಿಣಾಮಕಾರಿಯಾದರೂ, ವೈದ್ಯರ ನಿಗಾ ಇಲ್ಲದೆ ದೀರ್ಘಕಾಲ ಬಳಸಿದರೆ ಚರ್ಮದಲ್ಲಿ ಶಾಶ್ವತವಾದ ನೀಲಿಗಪ್ಪು ಬಣ್ಣವನ್ನು ಉಳಿಸಬಹುದು.

### ರಾಸಾಯನಿಕ ಪೀಲ್

ಗ್ಲೈಕಾಲಿಕ್, ಸ್ಯಾಲಿಸಿಲಿಕ್ ಅಥವಾ ಟ್ರೈಕ್ಲೋರೋಅಸೆಟಿಕ್ ಆಮ್ಲವನ್ನು ಅಳತೆಯಾಗಿ ಹಚ್ಚಿ ಚರ್ಮದ ಮೇಲ್ಪದರವನ್ನು ಉದುರಿಸುವ ಕ್ರಮಕ್ಕೆ ಪೀಲ್ ಎನ್ನುತ್ತಾರೆ. ಕಂದು ಚರ್ಮಕ್ಕೆ ಮೇಲ್ಪದರದ ಪೀಲ್ ಮಾತ್ರ ಸಾಮಾನ್ಯವಾಗಿ ಸುರಕ್ಷಿತ. ಆಳವಾದ ಫೀನಾಲ್ ಪೀಲನ್ನು ತಪ್ಪಿಸಲಾಗುತ್ತದೆ. ಕೆಲವು ವಾರಗಳ ಅಂತರದಲ್ಲಿ ನಾಲ್ಕಾರು ಬಾರಿ ಮಾಡಬೇಕಾಗುತ್ತದೆ. ಸಿಪ್ಪೆಯೇಳುವ ದಿನಗಳಲ್ಲಿ ಬಿಸಿಲು ತಾಗಿದರೆ ಕಲೆ ಹೆಚ್ಚುವುದರಿಂದ, ಮದುವೆ ಅಥವಾ ಜಾತ್ರೆಗೆ ಕೆಲವೇ ದಿನ ಮೊದಲು ಪೀಲ್ ಮಾಡಿಸುವುದು ಸೂಕ್ತವಲ್ಲ.

### ಲೇಸರ್ ಮತ್ತು ಶಾಖ ಆಧಾರಿತ ಉಪಕರಣಗಳು

ಲೇಸರ್‌ಗಳು ಕಲೆ, ಕೂದಲು, ಸಣ್ಣ ರಕ್ತನಾಳ ಅಥವಾ ಸುಕ್ಕುಗಳನ್ನು ಗುರಿಯಾಗಿಸುತ್ತವೆ. 1064 ನ್ಯಾನೋಮೀಟರ್ ತರಂಗಾಂತರದ ಎನ್‌ಡಿ:ಯಾಗ್ ಲೇಸರ್ ಚರ್ಮದ ಆಳಕ್ಕೆ ಇಳಿದು ಮೇಲ್ಪದರದ ಮೆಲನಿನ್‌ನಲ್ಲಿ ಕಡಿಮೆ ಹೀರಲ್ಪಡುವುದರಿಂದ ಕಂದು ಚರ್ಮಕ್ಕೆ ಹೆಚ್ಚು ಹೊಂದುತ್ತದೆ. ಫ್ರ್ಯಾಕ್ಷನಲ್ ಲೇಸರ್ ಚರ್ಮದಲ್ಲಿ ಸೂಕ್ಷ್ಮ ಚುಕ್ಕೆಗಳಷ್ಟು ಗಾಯಮಾಡಿ, ನಡುವಿನ ಆರೋಗ್ಯವಂತ ಚರ್ಮದಿಂದ ಬೇಗ ಮಾಯುವಂತೆ ಮಾಡುತ್ತದೆ. ಬಂಗಿಗೆ ಲೇಸರ್ ಮೊದಲ ಆಯ್ಕೆಯಲ್ಲ; ತಾತ್ಕಾಲಿಕವಾಗಿ ತಿಳಿಯಾದ ಬಂಗು ಮತ್ತೆ ಮರಳುವುದು ಸಾಮಾನ್ಯ. ರೇಡಿಯೋ ತರಂಗ ಮತ್ತು ಕೇಂದ್ರೀಕೃತ ಅಲ್ಟ್ರಾಸೌಂಡ್ ಉಪಕರಣಗಳು ಸಡಿಲಗೊಂಡ ಚರ್ಮವನ್ನು ಸ್ವಲ್ಪಮಟ್ಟಿಗೆ ಬಿಗಿಗೊಳಿಸುತ್ತವೆ. ಶಸ್ತ್ರಚಿಕಿತ್ಸೆಯಷ್ಟು ಪರಿಣಾಮ ಅವುಗಳಿಂದ ಸಾಧ್ಯವಿಲ್ಲ.

### ಬೊಟುಲಿನಮ್ ಟಾಕ್ಸಿನ್

ಕ್ಲಾಸ್ಟ್ರಿಡಿಯಮ್ ಬೊಟುಲಿನಮ್ ಬ್ಯಾಕ್ಟೀರಿಯಾದಿಂದ ಪಡೆದ ಈ ಪ್ರೋಟೀನು, ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆದು ಸ್ನಾಯುವನ್ನು ಸಡಿಲಗೊಳಿಸುತ್ತದೆ. ಹಣೆಯ ಗೆರೆ, ಹುಬ್ಬುಗಳ ನಡುವಿನ ಗಂಟು ಮತ್ತು ಕಣ್ಣಂಚಿನ ಗೆರೆಗಳಂಥ, ಮುಖದ ಚಲನೆಯಿಂದ ಮೂಡುವ ಸುಕ್ಕುಗಳಿಗೆ ಇದು ಉಪಯುಕ್ತ. ಪರಿಣಾಮವು ಕೆಲವು ದಿನಗಳಲ್ಲಿ ಆರಂಭವಾಗಿ ಎರಡು ವಾರದಲ್ಲಿ ಪೂರ್ಣವಾಗುತ್ತದೆ. ಮೂರು-ನಾಲ್ಕು ತಿಂಗಳು ಉಳಿಯುತ್ತದೆ. ಚುಚ್ಚಿದ ಜಾಗ ತಪ್ಪಿದರೆ ರೆಪ್ಪೆ ಜೋಲುವುದು ಅಥವಾ ನಗು ಓರೆಯಾಗುವುದು ಸಂಭವಿಸಬಹುದು. ಇದು ವಾರಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಗರ್ಭಿಣಿಯರಿಗೆ, ಎದೆಹಾಲುಣಿಸುವವರಿಗೆ ಮತ್ತು ಮಯಸ್ತೇನಿಯಾ ಗ್ರೇವಿಸ್‌ನಂಥ ನರಸ್ನಾಯು ಕಾಯಿಲೆಯುಳ್ಳವರಿಗೆ ಇದನ್ನು ಕೊಡುವುದಿಲ್ಲ.

### ಫಿಲ್ಲರ್

ಕುಗ್ಗಿದ ಕೆನ್ನೆ, ಕಣ್ಣಿನ ಕೆಳಗಿನ ಗುಳಿ ಮತ್ತು ಮೂಗಿನ ಬದಿಯ ಮಡಿಕೆಗಳನ್ನು ತುಂಬಲು ಹಯಲ್ಯುರಾನಿಕ್ ಆಮ್ಲದ ಜೆಲ್ಲನ್ನು ಚುಚ್ಚಲಾಗುತ್ತದೆ. ಪರಿಣಾಮ ಆರರಿಂದ ಹದಿನೆಂಟು ತಿಂಗಳು ಉಳಿಯುತ್ತದೆ. ಇದರ ಅತ್ಯಂತ ಗಂಭೀರ ಅಪಾಯವೆಂದರೆ ಜೆಲ್ ರಕ್ತನಾಳದೊಳಗೆ ಸೇರುವುದು. ಹಾಗಾದಾಗ ಚರ್ಮ ಸಾಯಬಹುದು, ಅಪರೂಪವಾಗಿ ಕಣ್ಣಿನ ದೃಷ್ಟಿಯೂ ಹೋಗಬಹುದು. ತಕ್ಷಣವೇ ಹಯಲ್ಯುರಾನಿಡೇಸ್ ಎಂಬ ಕಿಣ್ವವನ್ನು ಚುಚ್ಚಿ ಜೆಲ್ಲನ್ನು ಕರಗಿಸಬೇಕಾಗುತ್ತದೆ. ಈ ಔಷಧವನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳದ ಸ್ಥಳದಲ್ಲಿ ಫಿಲ್ಲರ್ ಹಾಕಿಸಿಕೊಳ್ಳುವುದು ಸುರಕ್ಷಿತವಲ್ಲ. ಸಿಲಿಕಾನ್ ಎಣ್ಣೆಯಂಥ ಶಾಶ್ವತ ವಸ್ತುಗಳು ವರ್ಷಗಳ ನಂತರವೂ ಗಂಟು ಮತ್ತು ಸೋಂಕನ್ನು ಉಂಟುಮಾಡಬಲ್ಲವು. ಅವುಗಳನ್ನು ಹೊರತೆಗೆಯುವುದು ಕಷ್ಟ.

### ಶಸ್ತ್ರಚಿಕಿತ್ಸೆ

ಫೇಸ್‌ಲಿಫ್ಟ್‌ನಲ್ಲಿ ಕಿವಿಯ ಸುತ್ತ ಕತ್ತರಿಸಿ ಮುಖ ಮತ್ತು ಕತ್ತಿನ ಪದರಗಳನ್ನು ಮೇಲೆತ್ತಲಾಗುತ್ತದೆ. ಪರಿಣಾಮ ಹಲವು ವರ್ಷ ಉಳಿಯುತ್ತದೆ. ಆದರೆ ಮುಪ್ಪು ನಿಲ್ಲುವುದಿಲ್ಲ. ರಕ್ತ ಹೆಪ್ಪುಗಟ್ಟುವುದು, ಸೋಂಕು, ಮುಖದ ನರಕ್ಕೆ ಪೆಟ್ಟಾಗುವುದು ಇದರ ಅಪಾಯಗಳು. ಬೀಡಿ-ಸಿಗರೇಟು ಸೇದುವವರಲ್ಲಿ ಚರ್ಮಕ್ಕೆ ರಕ್ತ ಸಾಲದೆ ಗಾಯ ಮಾಯದಿರುವ ಸಂಭವ ಹೆಚ್ಚು. ಕಣ್ಣುರೆಪ್ಪೆಯ ಶಸ್ತ್ರಚಿಕಿತ್ಸೆಯಲ್ಲಿ ಜೋಲುವ ಚರ್ಮವನ್ನೂ ಉಬ್ಬಿದ ಕೊಬ್ಬನ್ನೂ ತೆಗೆಯಲಾಗುತ್ತದೆ. ರೆಪ್ಪೆಯು ದೃಷ್ಟಿಗೆ ಅಡ್ಡಬರುವಷ್ಟು ಜೋತಿದ್ದರೆ ಇದು ಕೇವಲ ಸೌಂದರ್ಯದ ವಿಷಯವಾಗಿ ಉಳಿಯುವುದಿಲ್ಲ.

ದೇಹದ ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್ ತೂಕ ಇಳಿಸುವ ಉಪಾಯವಲ್ಲ; ಒಂದೊಂದು ಭಾಗದ ಆಕಾರವನ್ನು ತಿದ್ದುವ ಕ್ರಮ. 2022ರ ಮೇ ತಿಂಗಳಲ್ಲಿ ಕನ್ನಡ ಕಿರುತೆರೆ ನಟಿ ಚೇತನಾ ರಾಜ್ ತಮ್ಮ 21ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಗೆ ಒಳಗಾದ ಬಳಿಕ ನಿಧನರಾದಾಗ, ಇಂಥ ಶಸ್ತ್ರಚಿಕಿತ್ಸೆಗಳ ಸುರಕ್ಷತೆಯ ಪ್ರಶ್ನೆ ರಾಜ್ಯದಾದ್ಯಂತ ಚರ್ಚೆಗೆ ಬಂದಿತು. ನಡುವಯಸ್ಸಿನವರಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ ಮತ್ತು ಹೃದ್ರೋಗಗಳು ಹೆಚ್ಚಾಗಿರುವುದರಿಂದ ಅರಿವಳಿಕೆಗೆ ಮುನ್ನ ಇವುಗಳ ಪೂರ್ಣ ತಪಾಸಣೆ ಅಗತ್ಯ. ಅರಿವಳಿಕೆ ತಜ್ಞ ಮತ್ತು ತೀವ್ರ ನಿಗಾ ಘಟಕದ ವ್ಯವಸ್ಥೆ ಇಲ್ಲದ ಕಡೆ ದೊಡ್ಡ ಪ್ರಮಾಣದ ಶಸ್ತ್ರಚಿಕಿತ್ಸೆ ಮಾಡಬಾರದು.

### ಕೂದಲು

ನರೆಗೆ ಬಣ್ಣ ಹಚ್ಚುವುದು ಅತ್ಯಂತ ಸಾಮಾನ್ಯವಾದ ಕ್ರಮ. ಕಪ್ಪು ಬಣ್ಣಗಳಲ್ಲಿ ಇರುವ ಪಿಪಿಡಿ ಎಂಬ ರಾಸಾಯನಿಕವು ಕೆಲವರಲ್ಲಿ ತೀವ್ರ ಅಲರ್ಜಿ ಉಂಟುಮಾಡುತ್ತದೆ. ಆದ್ದರಿಂದ ಮೊದಲು ಕಿವಿಯ ಹಿಂದೆ ಅಥವಾ ಮೊಣಕೈ ಮಡಿಕೆಯಲ್ಲಿ ಸ್ವಲ್ಪ ಹಚ್ಚಿ 48 ಗಂಟೆ ಕಾದು ನೋಡಬೇಕು. ಶುದ್ಧ ಮೆಹಂದಿ ಕೆಂಗಂದು ಬಣ್ಣವನ್ನು ಮಾತ್ರ ಕೊಡುತ್ತದೆ. ಕಪ್ಪು ಮೆಹಂದಿ ಎಂದು ಮಾರುವುದರಲ್ಲಿ ಹೆಚ್ಚಾಗಿ ಪಿಪಿಡಿ ಬೆರೆತಿರುತ್ತದೆ.

ತಲೆಯ ಹಿಂಭಾಗದ ಕೂದಲಿನ ಬುಡಗಳನ್ನು ಬೋಳಾದ ಜಾಗಕ್ಕೆ ಸ್ಥಳಾಂತರಿಸುವ ಕೂದಲು ಕಸಿಯನ್ನು 1959ರಲ್ಲಿ ಅಮೆರಿಕದ ನಾರ್ಮನ್ ಓರೆಂಟ್ರೈಕ್ ಪ್ರಚಾರಕ್ಕೆ ತಂದರು. ಇದಕ್ಕೂ ಮುಂಚೆ 1939ರಲ್ಲಿ ಜಪಾನಿನ ಒಕುಡಾ ಇಂಥ ವಿಧಾನವನ್ನು ವರ್ಣಿಸಿದ್ದರು. ಸ್ಥಳೀಯ ಅರಿವಳಿಕೆಯಲ್ಲಿ ಗಂಟೆಗಟ್ಟಲೆ ನಡೆಯುವ ಇದು ಶಸ್ತ್ರಚಿಕಿತ್ಸೆಯೇ, ಸಲೂನಿನ ಕೆಲಸವಲ್ಲ.

## ಕ್ರೀಮು ಮತ್ತು ಚುಚ್ಚುಮದ್ದುಗಳ ದುರ್ಬಳಕೆ

ಚಿಕಿತ್ಸಾಲಯಕ್ಕೆ ಹೋಗುವವರಿಗಿಂತ ಔಷಧದಂಗಡಿಯಿಂದ ಅಥವಾ ಪರಿಚಿತರ ಮಾತಿನ ಮೇಲೆ ಕ್ರೀಮು ತಂದು ಹಚ್ಚುವವರೇ ಹೆಚ್ಚು. ಸ್ಟೀರಾಯ್ಡ್, ಹೈಡ್ರೋಕ್ವಿನೋನ್ ಮತ್ತು ಟ್ರೆಟಿನೋಯಿನ್ ಬೆರೆತ ಕ್ರೀಮುಗಳು ಕೆಲವೇ ದಿನಗಳಲ್ಲಿ ಮುಖವನ್ನು ತಿಳಿಯಾಗಿಸುವುದರಿಂದ ಅವುಗಳ ಮೇಲೆ ನಂಬಿಕೆ ಬೆಳೆಯುತ್ತದೆ. ತಿಂಗಳುಗಟ್ಟಲೆ ಬಳಸಿದಾಗ ಚರ್ಮ ತೆಳುವಾಗಿ ಕೆಂಪು ನರಗಳು ಕಾಣಿಸುತ್ತವೆ; ಮೊಡವೆ ಮತ್ತು ಮುಖದ ಮೇಲೆ ಕೂದಲು ಹುಟ್ಟುತ್ತವೆ; ಬಿಟ್ಟೊಡನೆ ಉರಿ, ತುರಿಕೆ ಮತ್ತು ಹೆಚ್ಚಿನ ಕಪ್ಪು ಮರಳುತ್ತವೆ. ಇದನ್ನು ತಡೆಯಲು ಭಾರತೀಯ ಚರ್ಮರೋಗ ತಜ್ಞರ ಸಂಘವು ಅಭಿಯಾನ ನಡೆಸಿದೆ. 2018ರಲ್ಲಿ ಕೇಂದ್ರ ಸರ್ಕಾರವು ಹಚ್ಚುವ ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು.

ಪಾದರಸ ಬೆರೆಸಿದ ಬಿಳುಪು ಕ್ರೀಮುಗಳ ಅಪಾಯ ಇನ್ನೂ ದೊಡ್ಡದು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮು ಬಳಸಿದವರ ಮೂತ್ರಪಿಂಡಗಳಿಗೆ ಹಾನಿಯಾದುದನ್ನು ಅಲ್ಲಿನ ವೈದ್ಯರು 2023ರಲ್ಲಿ ಬೆಳಕಿಗೆ ತಂದರು. ತಯಾರಕರ ವಿಳಾಸ, ತಂಡ ಸಂಖ್ಯೆ ಮತ್ತು ಘಟಕಾಂಶಗಳ ಪಟ್ಟಿ ಇಲ್ಲದ ಡಬ್ಬಿಯನ್ನು ಬಳಸದಿರುವುದು ಇದಕ್ಕೆ ಸರಳವಾದ ಮುನ್ನೆಚ್ಚರಿಕೆ. ಚರ್ಮದ ಬಿಳುಪಿಗೆಂದು ರಕ್ತನಾಳಕ್ಕೆ ಕೊಡುವ ಗ್ಲುಟಾಥಯೋನ್ ಚುಚ್ಚುಮದ್ದಿಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಒಪ್ಪಿಗೆಯಿಲ್ಲ.

## ಕಾನೂನು

ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾಲಯಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಅಡಿಯಲ್ಲಿ ಜಿಲ್ಲಾ ಪ್ರಾಧಿಕಾರದಲ್ಲಿ ನೋಂದಣಿ ಹೊಂದಿರಬೇಕು ಮತ್ತು ದರಪಟ್ಟಿಯನ್ನು ಪ್ರದರ್ಶಿಸಬೇಕು. 2024ರಲ್ಲಿ ರಾಜ್ಯದ ಆರೋಗ್ಯ ಇಲಾಖೆಯು ಹೊರಗಿನ ಫಲಕದಲ್ಲಿ ನೋಂದಣಿ ಸಂಖ್ಯೆಯನ್ನು ಬರೆಯಬೇಕೆಂದೂ, ಅಲೋಪತಿ ಸಂಸ್ಥೆಗಳಿಗೆ ನೀಲಿ, ಆಯುರ್ವೇದ ಸಂಸ್ಥೆಗಳಿಗೆ ಹಸಿರು ಬಣ್ಣದ ಫಲಕ ಇರಬೇಕೆಂದೂ ಸೂಚಿಸಿತು. ಬ್ಯೂಟಿ ಪಾರ್ಲರ್ ವ್ಯಾಪಾರ ಪರವಾನಗಿಯ ಮೇಲೆ ನಡೆಯುತ್ತದೆ. ಆ ಪರವಾನಗಿಯು ಚುಚ್ಚುಮದ್ದು ಕೊಡುವ ಅಧಿಕಾರವನ್ನು ನೀಡುವುದಿಲ್ಲ.

ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಸೌಂದರ್ಯ ಶಸ್ತ್ರಕ್ರಮಗಳು ಮತ್ತು ಕೂದಲು ಕಸಿಯ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಪ್ಲಾಸ್ಟಿಕ್ ಸರ್ಜರಿಯಲ್ಲಿ ಅಥವಾ ಶಸ್ತ್ರಕ್ರಮಗಳ ತರಬೇತಿಯೊಂದಿಗೆ ಚರ್ಮರೋಗ ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ನೋಂದಾಯಿತ ವೈದ್ಯರು ಇವನ್ನು ಮಾಡಬೇಕೆಂದೂ, ಕಾರ್ಯಾಗಾರದಲ್ಲಿ ಅಥವಾ ಯೂಟ್ಯೂಬ್‌ನಲ್ಲಿ ನೋಡಿ ಕಲಿತದ್ದು ತರಬೇತಿಯಾಗುವುದಿಲ್ಲವೆಂದೂ ಅದು ಹೇಳಿತು. ದಂತ ಹಾಗೂ ದವಡೆ ಶಸ್ತ್ರಚಿಕಿತ್ಸಕರು ಎಲ್ಲಿಯವರೆಗೆ ಇಂಥ ಚಿಕಿತ್ಸೆ ನೀಡಬಹುದೆಂಬ ವಿಷಯದಲ್ಲಿ ವೈದ್ಯ ಸಂಘಟನೆಗಳ ನಡುವೆ ಭಿನ್ನಾಭಿಪ್ರಾಯವಿದೆ.

ಒಪ್ಪಿಗೆಯ ವಿಷಯದಲ್ಲಿ ಸಮೀರಾ ಕೊಹ್ಲಿ ಪ್ರಕರಣದ 2008ರ ಸುಪ್ರೀಂ ಕೋರ್ಟ್ ತೀರ್ಪು ಮುಖ್ಯವಾದುದು. ಚಿಕಿತ್ಸೆಯ ಸ್ವರೂಪ, ಪರ್ಯಾಯಗಳು ಮತ್ತು ಗಂಭೀರ ಅಪಾಯಗಳನ್ನು ರೋಗಿಗೆ ತಿಳಿಸಿ ಪಡೆದ ಒಪ್ಪಿಗೆ ಮಾತ್ರ ನಿಜವಾದ ಒಪ್ಪಿಗೆಯೆಂದು ಅದು ಹೇಳುತ್ತದೆ. ಹಣ ಪಡೆದು ನೀಡುವ ವೈದ್ಯಕೀಯ ಸೇವೆಯು ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು 1995ರ ವಿ. ಪಿ. ಶಾಂತಾ ಪ್ರಕರಣದಲ್ಲಿ ನಿರ್ಣಯವಾಗಿದೆ. ಹೀಗಾಗಿ ನೊಂದವರು ಜಿಲ್ಲಾ ಗ್ರಾಹಕ ಆಯೋಗಕ್ಕೂ ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ ದೂರು ನೀಡಬಹುದು.

## ವೆಚ್ಚ, ತೆರಿಗೆ ಮತ್ತು ವಿಮೆ

ಆರೋಗ್ಯ ಸೇವೆಗಳಿಗೆ ಸರಕು ಮತ್ತು ಸೇವಾ ತೆರಿಗೆಯಿಂದ ವಿನಾಯಿತಿ ಇದ್ದರೂ, ಕೂದಲು ಕಸಿ ಮತ್ತು ಸೌಂದರ್ಯ ಶಸ್ತ್ರಚಿಕಿತ್ಸೆಗೆ ಅದು ಅನ್ವಯಿಸುವುದಿಲ್ಲ, ಇವುಗಳಿಗೆ ಶೇ. 18ರಷ್ಟು ತೆರಿಗೆ ಇದೆ. ಹುಟ್ಟಿನಿಂದ ಬಂದ ನ್ಯೂನತೆ ಅಥವಾ ಗಾಯದಿಂದ ಕೆಟ್ಟ ಅಂಗವನ್ನು ಸರಿಪಡಿಸುವ ಚಿಕಿತ್ಸೆಗೆ ವಿನಾಯಿತಿ ದೊರೆಯುತ್ತದೆ. ಆರೋಗ್ಯ ವಿಮೆಯೂ ಸಾಮಾನ್ಯವಾಗಿ ಅಪಘಾತ, ಸುಟ್ಟ ಗಾಯ ಅಥವಾ ಕ್ಯಾನ್ಸರ್ ನಂತರದ ಪುನಾರಚನೆಯನ್ನು ಬಿಟ್ಟು ಉಳಿದ ಸೌಂದರ್ಯ ಚಿಕಿತ್ಸೆಯ ವೆಚ್ಚವನ್ನು ಭರಿಸುವುದಿಲ್ಲ.

ಒಂದು ಬಾರಿಯ ದರವನ್ನು ಮಾತ್ರ ನೋಡಿದರೆ ನಿಜವಾದ ವೆಚ್ಚ ತಿಳಿಯುವುದಿಲ್ಲ. ನಾಲ್ಕು ತಿಂಗಳಿಗೊಮ್ಮೆ ಬೊಟುಲಿನಮ್ ಟಾಕ್ಸಿನ್ ಪಡೆಯುವವರು ಹತ್ತು ವರ್ಷಗಳಲ್ಲಿ ಮೂವತ್ತು ಬಾರಿ ಹಣ ತೆರಬೇಕಾಗುತ್ತದೆ.

## ಹುಮನಾಬಾದ್–ಬಸವಕಲ್ಯಾಣ ಭಾಗದಲ್ಲಿ

ಮಾಣಿಕಪ್ರಭು ಸಂಸ್ಥಾನವಿರುವ ಮಾಣಿಕನಗರವು ಹುಮನಾಬಾದ್ ಪಟ್ಟಣಕ್ಕೆ ಹೊಂದಿಕೊಂಡಿದೆ. ಬೀದರ್ ಮತ್ತು ಕಲಬುರಗಿ ನಗರಗಳು ಇಲ್ಲಿಂದ ಸುಮಾರು 50ರಿಂದ 60 ಕಿಲೋಮೀಟರ್ ದೂರದಲ್ಲಿವೆ. ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 65 ಹುಮನಾಬಾದಿನ ಮೂಲಕ ಹಾದುಹೋಗುತ್ತದೆ. 2017ರಲ್ಲಿ ಬೀದರ್–ಕಲಬುರಗಿ ರೈಲುಮಾರ್ಗವೂ ಪೂರ್ಣಗೊಂಡಿತು. ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಮತ್ತು ಕಲಬುರಗಿಯ ವೈದ್ಯಕೀಯ ಕಾಲೇಜುಗಳ ಚರ್ಮರೋಗ ವಿಭಾಗಗಳು ಈ ಭಾಗಕ್ಕೆ ಹತ್ತಿರದವು. ಬಂಗು, ಕೂದಲು ಉದುರುವಿಕೆ ಮತ್ತು ಕ್ರೀಮಿನಿಂದಾದ ಹಾನಿಗೆ ಇಂಥ ಹೊರರೋಗಿ ವಿಭಾಗಗಳಲ್ಲಿ ತಜ್ಞರ ಸಲಹೆ ಪಡೆಯಬಹುದು. ಶಸ್ತ್ರಚಿಕಿತ್ಸೆ ಬಯಸುವವರು ಹೆಚ್ಚಾಗಿ ಹೈದರಾಬಾದ್ ಅಥವಾ ಬೆಂಗಳೂರಿನ ಕಡೆ ನೋಡುತ್ತಾರೆ.

ಈ ದೂರಕ್ಕೆ ವೈದ್ಯಕೀಯ ಮಹತ್ವವೂ ಇದೆ. ಫಿಲ್ಲರ್ ಹಾಕಿದ ರಾತ್ರಿ ಚರ್ಮ ಬಿಳಿಚಿಕೊಂಡು ನೋವು ಹೆಚ್ಚಿದರೆ, ಗಂಟೆಗಳೊಳಗೆ ಚಿಕಿತ್ಸೆ ಸಿಗಬೇಕು. ಬೆಳಿಗ್ಗೆ ಹೋಗಿ ಸಂಜೆ ಮರಳುವ ಪ್ರಯಾಣದಲ್ಲಿ ಇದು ಸಾಧ್ಯವಾಗದಿರಬಹುದು. ಆದ್ದರಿಂದ ದೂರದಿಂದ ಬರುವವರು ಚಿಕಿತ್ಸೆಯ ನಂತರ ಅದೇ ಊರಿನಲ್ಲಿ ಒಂದೆರಡು ದಿನ ಉಳಿಯುವುದು, ತುರ್ತಿನಲ್ಲಿ ಕರೆಯಬೇಕಾದ ವೈದ್ಯರ ಸಂಖ್ಯೆಯನ್ನು ಬರೆಸಿಕೊಳ್ಳುವುದು ಮತ್ತು ಬಳಸಿದ ಔಷಧದ ಹೆಸರು ಹಾಗೂ ತಂಡ ಸಂಖ್ಯೆಯುಳ್ಳ ದಾಖಲೆ ಪಡೆಯುವುದು ಒಳಿತು. ಕನ್ನಡ, ಮರಾಠಿ, ಉರ್ದು, ತೆಲುಗು ಮಾತನಾಡುವ ಜನರಿರುವ ಈ ಗಡಿಭಾಗದಲ್ಲಿ, ಇಂಗ್ಲಿಷಿನಲ್ಲಿರುವ ಒಪ್ಪಿಗೆ ಪತ್ರವನ್ನು ತಮ್ಮ ಭಾಷೆಯಲ್ಲಿ ಓದಿ ಹೇಳಿಸಿಕೊಂಡ ಮೇಲೆಯೇ ಸಹಿ ಮಾಡುವುದು ರೋಗಿಯ ಹಕ್ಕು.

## ಮಾನಸಿಕ ಮತ್ತು ಸಾಮಾಜಿಕ ಆಯಾಮ

ನಡುವಯಸ್ಸಿನಲ್ಲಿ ಸೌಂದರ್ಯ ಚಿಕಿತ್ಸೆಯನ್ನು ಬಯಸಲು ಹಲವು ಕಾರಣಗಳಿರುತ್ತವೆ: ಉದ್ಯೋಗದಲ್ಲಿ ಕಿರಿಯರೊಂದಿಗೆ ಸ್ಪರ್ಧೆ, ಮಕ್ಕಳ ಮದುವೆ, ಕಾಯಿಲೆಯ ನಂತರ ಬದಲಾದ ಮುಖ, ಅಥವಾ ಕನ್ನಡಿಯಲ್ಲಿ ದಣಿದಂತೆ ಕಾಣುವ ಬೇಸರ. ಇವುಗಳಲ್ಲಿ ಯಾವುದೂ ದೋಷವಲ್ಲ. ಆದರೆ ಇತರರಿಗೆ ಕಾಣದಷ್ಟು ಸಣ್ಣ ನ್ಯೂನತೆಯ ಬಗ್ಗೆ ದಿನದ ಹಲವು ಗಂಟೆ ಚಿಂತಿಸುವುದು ದೇಹರೂಪ ವಿಕಾರ ಎಂಬ ಮನೋರೋಗದ ಲಕ್ಷಣವಾಗಿರಬಹುದು. ಇಟಲಿಯ ವೈದ್ಯ ಎನ್ರಿಕೊ ಮೊರ್ಸೆಲ್ಲಿ 1891ರಲ್ಲಿ ಇದನ್ನು ವರ್ಣಿಸಿದನು. ಇಂಥವರಿಗೆ ಸೌಂದರ್ಯ ಚಿಕಿತ್ಸೆಯಿಂದ ಸಾಮಾನ್ಯವಾಗಿ ಸಮಾಧಾನ ಸಿಗುವುದಿಲ್ಲ. ಮನೋವೈದ್ಯರ ನೆರವು ಬೇಕಾಗುತ್ತದೆ. ಇದ್ದಕ್ಕಿದ್ದಂತೆ ಮುಖ ಕಳೆಗುಂದುವುದಕ್ಕೆ ಥೈರಾಯ್ಡ್ ತೊಂದರೆ, ರಕ್ತಹೀನತೆ, ನಿದ್ರಾಹೀನತೆ ಅಥವಾ ಖಿನ್ನತೆ ಕಾರಣವಾಗಿರಬಹುದಾದ್ದರಿಂದ, ಮೊದಲು ಅವುಗಳ ಪರೀಕ್ಷೆ ಮಾಡಿಸುವುದು ಸೂಕ್ತ.

ಮುಪ್ಪನ್ನು ಒಪ್ಪಿಕೊಳ್ಳಲಾರದ ಮನಸ್ಸು ಕನ್ನಡ ಸಾಹಿತ್ಯದಲ್ಲೂ ವಸ್ತುವಾಗಿದೆ. ಗಿರೀಶ ಕಾರ್ನಾಡರ ಮೊದಲ ನಾಟಕ ಯಯಾತಿ (1961), ಶಾಪದಿಂದ ಬಂದ ಮುಪ್ಪನ್ನು ಮಗನಿಗೆ ದಾಟಿಸಿ ಅವನ ಯೌವನವನ್ನು ಪಡೆಯುವ ಪೌರಾಣಿಕ ರಾಜನ ಕಥೆಯನ್ನು ಆಧರಿಸಿದೆ. ಇಂದಿನ ಚಿಕಿತ್ಸೆಗಳು ಅಂಥ ವಿನಿಮಯವನ್ನು ಸಾಧಿಸಲಾರವು. ಅವು ಕೆಲವು ಗುರುತುಗಳನ್ನು ಕೆಲವು ಕಾಲ ಮಸುಕುಗೊಳಿಸಬಲ್ಲವು. ಅದರ ಫಲವು ಚರ್ಮದ ಬಣ್ಣ, ಚಿಕಿತ್ಸೆ ನೀಡುವವರ ತರಬೇತಿ ಮತ್ತು ನಂತರದ ಆರೈಕೆಯನ್ನು ಅವಲಂಬಿಸಿರುತ್ತದೆ.